ಠಾಣೆ ಖಾಡಿಯ ರಾಜಹಂಸಗಳು ಮತ್ತು ಉಪಗ್ರಹ

ಮುಂಬಯಿ ನಗರವನ್ನು ಮುಖ್ಯ ಭೂಭಾಗದಿಂದ ಬೇರ್ಪಡಿಸುವ ಉಪ್ಪುನೀರಿನ ಕವಲನ್ನು ಸ್ಥಳೀಯರು ಠಾಣೆ ಖಾಡಿ ಎಂದು ಕರೆಯುತ್ತಾರೆ. ಇಳಿತದ ವೇಳೆಯಲ್ಲಿ ಅದರ ಇಕ್ಕೆಲಗಳಲ್ಲಿ ವಿಶಾಲವಾದ ಕೆಸರು ಬಯಲು ತೆರೆದುಕೊಳ್ಳುತ್ತದೆ. 1990ರ ದಶಕದಿಂದೀಚೆಗೆ ಸಹಸ್ರಾರು ರಾಜಹಂಸಗಳು ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಈ ಬಯಲನ್ನು ಆಶ್ರಯಿಸುತ್ತಿವೆ. ನಮ್ಮ ಕಾವ್ಯಗಳ ಹಂಸವು ಹಾಲು ನೀರುಗಳನ್ನು ಬೇರ್ಪಡಿಸುವ ಪಕ್ಷಿ. ಇಲ್ಲಿ ಹೇಳುತ್ತಿರುವುದು ಅದಲ್ಲ, ನಸುಗೆಂಪು ಬಣ್ಣದ ನೀಳಗಾಲಿನ ಫ್ಲೆಮಿಂಗೊ. ಆದರೂ ಇದು ಮಾಡುವುದು ಬೇರ್ಪಡಿಸುವ ಕಾರ್ಯವನ್ನೇ ಎಂಬುದು ಸ್ವಾರಸ್ಯಕರ: ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿ ಅದ್ದಿ, ಸೂಕ್ಷ್ಮ ಪಾಚಿ ಮತ್ತು ಕಿರುಜೀವಿಗಳನ್ನು ಸೋಸಿ ತಿನ್ನುತ್ತದೆ.

ಮಹಾರಾಷ್ಟ್ರ ಸರ್ಕಾರವು 2015ರಲ್ಲಿ ಖಾಡಿಯ ಒಂದು ಭಾಗವನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಗೂ ಸೇರಿತು. ಆದರೆ ನಕ್ಷೆಯ ಮೇಲಿನ ಗೆರೆಯನ್ನು ಹಕ್ಕಿ ಅರಿಯದು. ಅದು ಎಲ್ಲಿ ಉಣ್ಣುತ್ತದೆ, ಎಲ್ಲಿ ತಂಗುತ್ತದೆ, ಮಳೆಗಾಲದಲ್ಲಿ ಎತ್ತ ಹೋಗುತ್ತದೆ ಎಂಬುದನ್ನು ಅದರೊಡನೆ ಹಾರಿ ನೋಡಬೇಕಾದೀತು. ಈ ಕೆಲಸವನ್ನು ಇಂದು ಉಪಗ್ರಹಗಳ ನೆರವಿನಿಂದ ಮಾಡಲಾಗುತ್ತಿದೆ.

ಹಕ್ಕಿಗೆ ತೊಡಿಸುವ ಪುಟ್ಟ ಸಾಧನವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಗ್ರಹಿಸಿ, ತಾನಿರುವ ಸ್ಥಾನವನ್ನು ಲೆಕ್ಕಹಾಕಿಕೊಳ್ಳುತ್ತದೆ. ಆ ಮಾಹಿತಿಯನ್ನು ಸಾಧನದ ಬಗೆಗೆ ಅನುಗುಣವಾಗಿ ಮತ್ತೊಂದು ಉಪಗ್ರಹದ ಮೂಲಕ ಇಲ್ಲವೆ ಮೊಬೈಲ್ ಜಾಲದ ಮೂಲಕ ಕಳುಹಿಸುತ್ತದೆ. ವಿದ್ಯುತ್ತನ್ನು ಸೂರ್ಯನ ಬೆಳಕೇ ಒದಗಿಸುತ್ತದೆ. ಸಾಧನದ ತೂಕವು ಸಾಮಾನ್ಯವಾಗಿ ಹಕ್ಕಿಯ ತೂಕದ ಶೇಕಡಾ 3ನ್ನು ಮೀರಬಾರದೆಂಬುದು ಸಂಶೋಧಕರು ಪಾಲಿಸುವ ನಿಯಮ. ಒಂದೂವರೆ ಕಿಲೋಗ್ರಾಂ ತೂಗುವ ಕಿರಿಯ ರಾಜಹಂಸಕ್ಕೆ ಇದು 45 ಗ್ರಾಂ ಆಗುತ್ತದೆ.

ಈ ವಿಧಾನದ ಮಹತ್ವವನ್ನು ಮೊದಲು ತೋರಿಸಿಕೊಟ್ಟದ್ದು ತೆಂಕಣ ಹಿಂದೂ ಮಹಾಸಾಗರದ ಆಲ್ಬಟ್ರಾಸ್. 1989ರಲ್ಲಿ ಫ್ರೆಂಚ್ ವಿಜ್ಞಾನಿಗಳು ಕ್ರೋಜೆ ದ್ವೀಪಗಳಲ್ಲಿ ಈ ಕಡಲಹಕ್ಕಿಗಳಿಗೆ ಸಾಧನಗಳನ್ನು ಅಳವಡಿಸಿದಾಗ, ಅವು ಆಹಾರಕ್ಕಾಗಿ ಒಂದೇ ಪಯಣದಲ್ಲಿ 3,600ರಿಂದ 15,000 ಕಿಲೋಮೀಟರ್ ಕ್ರಮಿಸುವುದು ತಿಳಿದುಬಂದಿತು. ಮೀನುಗಾರಿಕೆಯ ಉದ್ದನೆಯ ಗಾಳದ ಸಾಲುಗಳಿಗೆ ಈ ಹಕ್ಕಿಗಳು ಎಲ್ಲಿ ಬಲಿಯಾಗಬಹುದೆಂಬುದನ್ನು ಗುರುತಿಸಲು ಇಂಥ ಮಾಹಿತಿಯೇ ಆಧಾರವಾಯಿತು.

ನಮ್ಮಲ್ಲಿ, 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 2022ರಲ್ಲಿ ಖಾಡಿಯ ಆರು ರಾಜಹಂಸಗಳಿಗೆ ಇಂಥ ಸಾಧನಗಳನ್ನು ತೊಡಿಸಿತು. ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ ಅವರ ನೆನಪಿಗಾಗಿ ಒಂದಕ್ಕೆ ಹುಮಾಯೂನ್ ಎಂದೇ ಹೆಸರಿಡಲಾಯಿತು. ಮಳೆಗಾಲದಲ್ಲಿ ಅದು ಖಂಬಾತ್ ಕೊಲ್ಲಿಯಾಚೆಗೆ, ಗುಜರಾತಿನ ಭಾವನಗರದ ಕಡೆಗೆ ಹಾರಿತು.

ಸಂರಕ್ಷಣೆಯ ದೃಷ್ಟಿಯಿಂದ ದೂರದ ಈ ಪಯಣಕ್ಕಿಂತ ದಿನನಿತ್ಯದ ಹಾರಾಟವೇ ಹೆಚ್ಚು ಮುಖ್ಯವೆನ್ನಬೇಕು. ಉಬ್ಬರದಲ್ಲಿ ಕೆಸರು ಬಯಲು ಮುಳುಗಿದೊಡನೆ ಹಕ್ಕಿಗಳು ಭಾಂಡುಪ್ ಹಾಗೂ ನವಿ ಮುಂಬಯಿಯ ನೆರುಳ್ ಸುತ್ತಲಿನ ಕೆರೆಗಳಿಗೆ ಬರುತ್ತವೆ. ನೀರು ಇಳಿದ ಮೇಲೆ ಹಿಂದಿರುಗುತ್ತವೆ. ಅಂದರೆ ಖಾಡಿಯೊಂದನ್ನೇ ಕಾಪಾಡಿ ಈ ಕೆರೆಗಳನ್ನು ತುಂಬಿಬಿಟ್ಟರೆ ಹಕ್ಕಿಗೆ ಉಬ್ಬರದ ವೇಳೆ ನೆಲೆಯೇ ಇರದು. ರಾಜಹಂಸಗಳು ರಾತ್ರಿಯಲ್ಲೂ ಗುಂಪಾಗಿ ಹಾರುವುದರಿಂದ ವಿಮಾನ ಮಾರ್ಗದ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ. 2024ರ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ಪ್ರಯಾಣಿಕ ವಿಮಾನಕ್ಕೆ ಸಿಲುಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತವು.

ಅದೇ ವರ್ಷ ನೆರುಳ್‌ನ ಡಿ.ಪಿ.ಎಸ್. ಕೆರೆಗೆ ಉಬ್ಬರದ ನೀರು ಬರುವ ದಾರಿ ಮುಚ್ಚಿಹೋದುದು ನಾಗರಿಕರ ಕಳವಳಕ್ಕೆ ಕಾರಣವಾಯಿತು. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯು ಸುಮಾರು 30 ಎಕರೆಯ ಈ ಕೆರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿಸಲು ಸಮ್ಮತಿಸಿತು.