ವಿಡಿಯೊ ಆಟಗಳ ಇತಿಹಾಸ ಸಂರಕ್ಷಣೆ

ಆಟವೆಂದರೆ ಬಿಡುವಿನ ವೇಳೆಯ ವಿನೋದ, ಅದಕ್ಕೆಂತಹ ಇತಿಹಾಸ ಎಂದು ಕೇಳುವವರುಂಟು. ಚದುರಂಗ, ಪಗಡೆಗಳನ್ನು ಕುರಿತು ಯಾರೂ ಹೀಗೆ ಕೇಳಲಾರರು. ಹಳೆಯ ದೇಗುಲದ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳನ್ನು ಕಂಡರೆ ವಿದ್ವಾಂಸರೂ ನಿಂತು ಗೆರೆಗಳನ್ನು ಎಣಿಸುತ್ತಾರೆ. ಕಲ್ಲಿನ ಗೆರೆ ಶತಮಾನಗಳ ಕಾಲ ಉಳಿಯುತ್ತದೆ. ಪರದೆಯ ಮೇಲಣ ಬೆಳಕಾದರೋ ವಿದ್ಯುತ್ತು ನಿಂತೊಡನೆ ಮರೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ವಿಡಿಯೊ ಆಟಗಳ ಚರಿತ್ರೆಯನ್ನು ಕಾಪಾಡುವುದು ದುಸ್ತರವಾಗಿರುವುದು ಇದರಿಂದಲೇ. ಅದರ ಆದಿಭಾಗದ ಇಬ್ಬರು ನಿರ್ಮಾತೃಗಳ ವೃತ್ತಾಂತವನ್ನು ಹೋಲಿಸಿ ನೋಡಿದರೆ ಈ ಕಾರ್ಯದ ಸ್ವರೂಪ ಸ್ಪಷ್ಟವಾಗುತ್ತದೆ.

ಮೊದಲನೆಯವನು ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯವನ್ನು ನೋಡಲು ಬರುವ ಸಾರ್ವಜನಿಕರಿಗೆ ಬೇಸರವಾಗದಿರಲೆಂದು 1958ರಲ್ಲಿ ಆತನು ಒಂದು ಟೆನಿಸ್ ಆಟವನ್ನು ರಚಿಸಿದನು. ಗಣಕಯಂತ್ರಕ್ಕೆ ಜೋಡಿಸಿದ, ಕೇವಲ ಐದು ಅಂಗುಲ ವ್ಯಾಸದ ಆಸಿಲೋಸ್ಕೋಪ್ ಪರದೆಯಲ್ಲಿ ಬೆಳಕಿನ ಚುಕ್ಕೆಯೊಂದು ಬಲೆಯ ಮೇಲೆ ಹಾರಿ, ನೆಲಕ್ಕೆ ಬಿದ್ದು ಪುಟಿಯುತ್ತಿತ್ತು. ಜನ ಸಾಲುಗಟ್ಟಿ ನಿಂತು ಆಡಿದರು. 1959ರಲ್ಲಿ ಮತ್ತೊಮ್ಮೆ ಪ್ರದರ್ಶನವಾದ ಬಳಿಕ ಯಂತ್ರವನ್ನು ಬಿಚ್ಚಿ, ಅದರ ಭಾಗಗಳನ್ನು ಬೇರೆ ಕೆಲಸಗಳಿಗೆ ಒಯ್ಯಲಾಯಿತು. ಅದು ಚರಿತ್ರೆಗೆ ಸೇರುವ ವಸ್ತುವೆಂದು ಅಂದು ಯಾರಿಗೂ ತೋರಲಿಲ್ಲ. 1997ರಲ್ಲಿ ಪ್ರಯೋಗಾಲಯದ ಐವತ್ತನೆಯ ವರ್ಷದ ಸಂದರ್ಭದಲ್ಲಿ ಹಳೆಯ ನಕ್ಷೆಗಳ ಆಧಾರದಿಂದ ಆ ಆಟವನ್ನು ಮರಳಿ ಕಟ್ಟಬೇಕಾಯಿತು. ಅಷ್ಟರಲ್ಲಿ ನಿರ್ಮಾತೃವು ತೀರಿಕೊಂಡು ಮೂರು ವರ್ಷಗಳಾಗಿದ್ದವು.

ಎರಡನೆಯವನು ಎಂಜಿನಿಯರ್ ರಾಲ್ಫ್ ಬೇರ್. ಮನೆಯ ದೂರದರ್ಶನದ ಪರದೆಯಲ್ಲಿಯೇ ಆಟವಾಡುವ ಕಲ್ಪನೆಯನ್ನು ಈತನು 1966ರ ಸೆಪ್ಟೆಂಬರ್ 1ರಂದು ನಾಲ್ಕು ಪುಟಗಳಲ್ಲಿ ಬರೆದು ದಿನಾಂಕ ಹಾಕಿಟ್ಟನು. ಅದರಿಂದ ಮೂಡಿದ ಮಾದರಿ ಯಂತ್ರಕ್ಕೆ ‘ಕಂದು ಪೆಟ್ಟಿಗೆ’ ಎಂಬರ್ಥದ ಹೆಸರು ಬಂದಿತು. 1972ರಲ್ಲಿ ಅದೇ ‘ಒಡಿಸ್ಸಿ’ಯಾಗಿ ಮಾರುಕಟ್ಟೆಗೆ ಬಂದಿತು. ಬೇರ್ ತನ್ನ ಕಾಗದಪತ್ರಗಳನ್ನೂ ಮಾದರಿಗಳನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದು, 2006ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ದಾನವಾಗಿ ಕೊಟ್ಟನು. ಕಾಗದದ ಬಲವೆಷ್ಟೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. 1972ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಡಿಸ್ಸಿಯ ಪ್ರದರ್ಶನ ನಡೆದಾಗ, ಅದೇ ವರ್ಷ ಪ್ರಸಿದ್ಧ ‘ಪಾಂಗ್’ ಆಟವನ್ನು ಹೊರತಂದ ಅಟಾರಿ ಸಂಸ್ಥೆಯ ನೋಲನ್ ಬುಶ್ನೆಲ್ ಬಂದು ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿದ್ದನು. ಮುಂದೆ ಒಡಿಸ್ಸಿಯ ತಯಾರಕರಾದ ಮ್ಯಾಗ್ನವಾಕ್ಸ್‌ನವರು ನ್ಯಾಯಾಲಯಕ್ಕೆ ಹೋದಾಗ ಆ ಸಹಿಯೇ ಸಾಕ್ಷ್ಯವಾಯಿತು. 1976ರಲ್ಲಿ ಅಟಾರಿ ರಾಜಿಯಾಗಿ ಪರವಾನಗಿ ಪಡೆಯಿತು.

ಯಂತ್ರ ಮತ್ತು ಕಾಗದಗಳಷ್ಟೇ ಉಳಿದರೆ ಸಾಲದು. ಆಟದ ಜೀವವಿರುವುದು ಅದನ್ನು ನಡೆಸುವ ತಂತ್ರಾಂಶದಲ್ಲಿ. ಹಳೆಯ ಆಟಗಳಲ್ಲಿ ಅನೇಕವು ಚಿಪ್ಪುಗಳಲ್ಲಿ ವಿದ್ಯುದಂಶದ ರೂಪದಲ್ಲಿ ಅಡಗಿದ್ದು, ಆ ವಿದ್ಯುದಂಶವು ದಶಕಗಳು ಕಳೆದಂತೆ ಮೆಲ್ಲನೆ ಸೋರಿಹೋಗುತ್ತದೆ. ಕಾಂತೀಯ ತಟ್ಟೆಗಳೂ ಕ್ಷಯಿಸುತ್ತವೆ. ಓಲೆಗರಿಯ ಗ್ರಂಥಗಳು ಉಳಿದು ಬಂದುದು ಗರಿಯ ಗಟ್ಟಿತನದಿಂದಲ್ಲ, ಗರಿ ಮುರಿಯುವ ಮುನ್ನವೇ ಪ್ರತಿಮಾಡಿದ ಲಿಪಿಕಾರರ ಶ್ರಮದಿಂದ. ಇಲ್ಲಿಯೂ ಅದೇ ನ್ಯಾಯ. ಇಟಲಿಯ ನಿಕೋಲಾ ಸಾಲ್ಮೊರಿಯಾ 1997ರಲ್ಲಿ ಆರಂಭಿಸಿದ ‘ಮೇಮ್’ ಎಂಬ ತಂತ್ರಾಂಶವು ಹಳೆಯ ಆಟಯಂತ್ರಗಳ ಒಳಗಿನ ಕಾರ್ಯವಿಧಾನವನ್ನು ಹೊಸ ಗಣಕಯಂತ್ರದಲ್ಲಿ ಯಥಾವತ್ತಾಗಿ ಅನುಕರಿಸುತ್ತದೆ. ಅದನ್ನು ಬೆಳೆಸಿದ ಅನೇಕ ಉತ್ಸಾಹಿಗಳು ಚಿಪ್ಪಿನ ಬರಹವನ್ನು ಅಕ್ಷರ ತಪ್ಪದಂತೆ ಪ್ರತಿಮಾಡಿ, ಭಿನ್ನಪಾಠಗಳನ್ನೂ ಪ್ರತ್ಯೇಕವಾಗಿ ಗುರುತಿಸಿದ್ದಾರೆ.

ಮೂಲವಸ್ತುವಿಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ‘ಇ.ಟಿ.’ ಚಲನಚಿತ್ರವನ್ನು ಆಧರಿಸಿ ಸುಮಾರು ಐದು ವಾರಗಳಲ್ಲಿ ಅವಸರದಿಂದ ರಚಿಸಿದ ಆಟವನ್ನು ಅಟಾರಿ ಸಂಸ್ಥೆ 1982ರಲ್ಲಿ ಹೊರತಂದಿತು. ಮಾರಾಟವಾಗದೆ ಉಳಿದ ಸರಕು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಪಟ್ಟಣದ ಕಸದ ಗುಂಡಿ ಸೇರಿತು. ಇದು ಕಟ್ಟುಕಥೆಯೆಂದು ಹಲವರು ಶಂಕಿಸಿದ್ದರು. 2014ರಲ್ಲಿ ಅಗೆದಾಗ ಸುಮಾರು 1,300 ಕಾರ್ಟ್ರಿಜ್‌ಗಳು ಹೊರಬಂದವು. ಆ ಆಟವೇನೂ ನಷ್ಟವಾಗಿರಲಿಲ್ಲ, ಅದರ ಪ್ರತಿಗಳು ಬೇಕಾದಷ್ಟಿದ್ದವು. ಆದರೆ ಒಂದು ಉದ್ಯಮದ ದುಡುಕು ಮತ್ತು ಕುಸಿತಗಳಿಗೆ ಮಣ್ಣು ಮೆತ್ತಿದ ಆ ಕಾರ್ಟ್ರಿಜ್‌ಗಳಷ್ಟು ಪ್ರತ್ಯಕ್ಷ ಪ್ರಮಾಣ ಬೇರೊಂದಿರಲಿಲ್ಲ. ಅವುಗಳಲ್ಲಿ ಒಂದು ಇಂದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಪ್ರತಿಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಅದು ಕಾನೂನಿನದು. ವಿಡಿಯೊ ಆಟಗಳ ಇತಿಹಾಸಕ್ಕಾಗಿಯೇ ಅಮೆರಿಕದಲ್ಲಿ ಸ್ಥಾಪಿತವಾದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. ಸಂಸ್ಥೆಗಳ ಕೃತಿಗಳಿಗೆ ಅಲ್ಲಿನ ಕೃತಿಸ್ವಾಮ್ಯದ ಅವಧಿ ಪ್ರಕಟಣೆಯಿಂದ 95 ವರ್ಷ. ಗ್ರಂಥಾಲಯಗಳು ತಮ್ಮಲ್ಲಿರುವ ಅಲಭ್ಯ ಆಟಗಳನ್ನು ದೂರದ ಸಂಶೋಧಕರಿಗೂ ಒದಗಿಸಲು ಅವಕಾಶ ಬೇಕೆಂಬ ಬೇಡಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಸಂಶೋಧನೆಯ ಹೆಸರಿನಲ್ಲಿ ಮನರಂಜನೆ ನಡೆದೀತೆಂಬ ಆತಂಕ ಹಕ್ಕುದಾರರದು. ಅವರ ಹಕ್ಕು ನ್ಯಾಯವಾದುದೇ. ಆದರೆ ಮಾರುವವರೂ ಇಲ್ಲದೆ, ಓದಲು ಕೊಡುವವರೂ ಇಲ್ಲದೆ ಬೀರುವಿನಲ್ಲಿ ಬೀಗ ಹಾಕಿಟ್ಟ ಗ್ರಂಥದಿಂದ ವಿದ್ಯೆಗೆ ಪ್ರಯೋಜನವೇನು? ಹಕ್ಕು ಕೆಡದಂತೆ ಅಧ್ಯಯನಕ್ಕೆ ದಾರಿ ಬಿಡುವ ಮಧ್ಯಮಾರ್ಗವನ್ನು ಹುಡುಕದೆ ವಿಧಿಯಿಲ್ಲ.

ರಾಲ್ಫ್ ಬೇರ್ 2014ರಲ್ಲಿ ತೀರಿಕೊಂಡನು. ಆ ಮೊದಲ ತಲೆಮಾರಿನವರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರ ನೆನಪುಗಳನ್ನು ಕೇಳಿ ಬರೆದಿಡಲು ಉಳಿದಿರುವ ಕಾಲ ಅಲ್ಪ. ಒಂದು ಸಂದರ್ಶಕರ ಪುಸ್ತಕ, ದಿನಾಂಕ ಹಾಕಿದ ನಾಲ್ಕು ಹಾಳೆ, ಒಂದು ನಕ್ಷೆ—ಇಂತಹವುಗಳ ಬೆಲೆ ಬರೆದ ದಿನ ತಿಳಿಯುವುದಿಲ್ಲ. ಯಾವ ಶಾಲೆಯೇ ಆಗಲಿ, ಸಂಸ್ಥೆಯೇ ಆಗಲಿ, ಹಳೆಯ ಕಪಾಟನ್ನು ಬರಿದು ಮಾಡುವ ಮುನ್ನ ಬ್ರೂಕ್‌ಹೇವನ್ನಿನಲ್ಲಿ ಬಿಚ್ಚಿಹೋದ ಆ ಯಂತ್ರವನ್ನು ನೆನೆಯುವುದು ಒಳ್ಳೆಯದು.