ನೋವಿಲ್ಲದ ಹಲ್ಲಿಗೆ ಎಕ್ಸ್-ರೇ ಯಾಕೆ?

ಕಳೆದ ರಜೆಯಲ್ಲಿ ಅಮ್ಮ ಬಲವಂತ ಮಾಡಿ ನನ್ನನ್ನು ಡೆಂಟಿಸ್ಟ್ ಹತ್ತಿರ ಕರ್ಕೊಂಡು ಹೋದ್ರು. ನನಗೆ ನೋವೇ ಇರಲಿಲ್ಲ. "ಎಕ್ಸ್-ರೇ ಬೇಕಾ ಡಾಕ್ಟರ್? ಸುಮ್ನೆ ರೇಡಿಯೇಶನ್" ಅಂದೆ. "ಒಂದೇ ಒಂದು" ಅಂದ್ರು. ಸ್ಕ್ರೀನ್ ಮೇಲೆ ನೋಡಿದ್ರೆ, ಎರಡು ದವಡೆ ಹಲ್ಲು ತಾಗುವ ಜಾಗದಲ್ಲಿ ಸಣ್ಣ ಕಪ್ಪು ಕಲೆ. ಹುಳುಕು! ಕನ್ನಡಿಯಲ್ಲಿ ಅದು ಕಾಣೋ ಜಾಗವೇ ಅಲ್ಲ.

ಕಪ್ಪು ಯಾಕೆ? ಇದು ನಮ್ಮ ಫಿಸಿಕ್ಸೇ. ವಸ್ತು ಸಾಂದ್ರವಾಗಿದ್ದಷ್ಟೂ ಎಕ್ಸ್-ರೇಯನ್ನು ಹೆಚ್ಚು ಹೀರುತ್ತದೆ. ಹಲ್ಲಿನ ಹೊರಪದರ ಎನಾಮಲ್ ತೂಕದಲ್ಲಿ ಸುಮಾರು 96% ಖನಿಜ, ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್. ಹಾಗಾಗಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡುವ ಆಮ್ಲ ಈ ಖನಿಜವನ್ನು ಕರಗಿಸುತ್ತದೆ. ಆಗ ಕಿರಣಗಳು ಸಲೀಸಾಗಿ ದಾಟಿ ಸೆನ್ಸರ್‌ಗೆ ಬೀಳುತ್ತವೆ, ಆ ಜಾಗ ಕಪ್ಪಾಗುತ್ತದೆ.

ಎನಾಮಲ್‌ಗೆ ನರ ಇಲ್ಲ, ಅದಕ್ಕೇ ಶುರುವಿನಲ್ಲಿ ನೋವಿಲ್ಲ. ಹುಳುಕು ಒಳಗಿನ ನರದ ಹತ್ತಿರ ಹೋದಾಗ ನೋವು ಜೋರಾಗುತ್ತೆ. ಅಷ್ಟರಲ್ಲಿ ಫಿಲ್ಲಿಂಗ್‌ನಲ್ಲಿ ಮುಗಿಯೋ ಕೆಲಸ ರೂಟ್ ಕೆನಾಲ್‌ವರೆಗೆ ಹೋಗಿರಬಹುದು.

ಸಾಮಾನ್ಯವಾಗಿ ಮೂರು ಬಗೆಯ ಎಕ್ಸ್-ರೇ ಇವೆ:

1. ಬೈಟ್‌ವಿಂಗ್: ಹಲ್ಲುಗಳ ನಡುವಿನ ಹುಳುಕಿಗೆ.
2. ಐಒಪಿಎ: ಒಂದೆರಡು ಹಲ್ಲನ್ನು ಬೇರಿನ ತುದಿವರೆಗೆ ನೋಡೋಕೆ.
3. ಒಪಿಜಿ: ಇಡೀ ದವಡೆ ಒಂದೇ ಚಿತ್ರದಲ್ಲಿ. ನಮ್ಮ ವಯಸ್ಸಲ್ಲಿ ತೊಂದರೆ ಕೊಡೋ ಬುದ್ಧಿಹಲ್ಲು ಅಡ್ಡ ಬೆಳೆದಿದ್ರೆ ಇದರಲ್ಲಿ ಗೊತ್ತಾಗುತ್ತೆ.

ಇನ್ನು ರೇಡಿಯೇಶನ್ ಭಯ. ಒಂದು ಬೈಟ್‌ವಿಂಗ್‌ಗೆ ಸುಮಾರು 5 ಮೈಕ್ರೋಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. 365ರಿಂದ ಭಾಗಿಸಿ: ದಿನಕ್ಕೆ ಸುಮಾರು 6.6 ಮೈಕ್ರೋಸೀವರ್ಟ್. ಅಂದ್ರೆ ಒಂದು ದಿನ ಭೂಮಿ ಮೇಲೆ ಬದುಕಿದಷ್ಟೂ ಇಲ್ಲ! 1896ರಲ್ಲಿ ಜರ್ಮನಿಯ ಒಟ್ಟೋ ವಾಲ್ಕ್‌ಹಾಫ್ ತನ್ನ ಹಲ್ಲಿನ ಎಕ್ಸ್-ರೇ ತೆಗೆಯೋಕೆ 25 ನಿಮಿಷ ಕಿರಣಕ್ಕೆ ಬಾಯೊಡ್ಡಿದ್ದ. ಈಗ ಒಂದು ಸೆಕೆಂಡೂ ಬೇಡ.

ಹಾಗಂತ ಹೋದಾಗಲೆಲ್ಲ ತೆಗೆಸಬೇಕಿಲ್ಲ. ಎಕ್ಸ್-ರೇಗೂ ಮಿತಿ ಇದೆ: ಖನಿಜ ಸಾಕಷ್ಟು ಕರಗಿದ ಮೇಲೆಯೇ ಕಲೆ ಕಾಣೋದು. ಡಾಕ್ಟರ್ ಕಣ್ಣಿನ ಪರೀಕ್ಷೆಯೂ ಬೇಕು. "ಯಾವ ಎಕ್ಸ್-ರೇ, ಯಾಕೆ?" ಅಂತ ಧೈರ್ಯವಾಗಿ ಕೇಳಿ. ಗರ್ಭಿಣಿಯರು ಮೊದಲೇ ಹೇಳಬೇಕು.

ನನ್ನ ಹಲ್ಲು ಒಂದು ಫಿಲ್ಲಿಂಗ್‌ನಲ್ಲಿ ಉಳಿಯಿತು. ನೋವು ಬರಲಿ ಅಂತ ಕಾದಿದ್ರೆ ಇಂಟರ್ನಲ್ಸ್ ವಾರದಲ್ಲೇ ಬರ್ತಿತ್ತೇನೋ!