ಕಂಬಳದ ಓಟಗಾರ ಶ್ರೀನಿವಾಸ ಗೌಡ

ರೋಡ್ಸ್ ದ್ವೀಪದ ಲಿಯೋನಿಡಾಸ್ ಕ್ರಿ.ಪೂ. 164ರಿಂದ 152ರವರೆಗಿನ 4 ಒಲಿಂಪಿಕ್ಸ್ ಉತ್ಸವಗಳಲ್ಲಿ, ಗುರಾಣಿ ಹಿಡಿದು ಓಡುವ ಸ್ಪರ್ಧೆಯೂ ಸೇರಿದಂತೆ 3 ಓಟಗಳನ್ನು ಪ್ರತಿ ಬಾರಿಯೂ ಗೆದ್ದು 12 ಕಿರೀಟ ಧರಿಸಿದನು. ಉತ್ಸವದ ಮಡಿಲಲ್ಲೇ ಬೆಳೆದ ಇಂಥ ಓಟಕ್ಕೆ ಕರ್ನಾಟಕದ ನಿದರ್ಶನ ಕರಾವಳಿಯ ಕಂಬಳವಾಗಿದ್ದು, ಇದರಲ್ಲಿ ಕೆಸರು ನೀರಿನ ‘ಕರೆ’ಯಲ್ಲಿ, ಅಂದರೆ ಓಟದ ಪಥದಲ್ಲಿ, ಜೋಡಿ ಕೋಣಗಳ ಹಿಂದೆ ಓಟಗಾರನು ಧಾವಿಸುತ್ತಾನೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, 100 ಮೀಟರಿಗೆ 9.55 ಸೆಕೆಂಡ್ ಎಂಬ ಸರಾಸರಿ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಅವರ 9.58ರ ವಿಶ್ವದಾಖಲೆಯೊಡನೆ ಹೋಲಿಸಲಾಯಿತು. ಕೋಣಗಳ ಎಳೆತದ ಬಲವನ್ನು ಮರೆತ ಈ ಹೋಲಿಕೆ ಸಲ್ಲದು. ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟದ ಆಹ್ವಾನವನ್ನು ಒಪ್ಪದೆ ಅವರು ಕಂಬಳದಲ್ಲೇ ಮುಂದುವರಿದರು. ಕಂಬಳಕ್ಕೆ ಅವಕಾಶ ನೀಡುವ ರಾಜ್ಯದ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು.